ಎಂಜಿನ್ ಬ್ಲಾಕಿನ ಆಯ್ಕೆಯನ್ನು ಕುರಿತು



ವೇಗದ ಕಾರುಗಳ ಪುನರ್ನಿರ್ಮಾಣವನ್ನು ಕುರಿತ ಈ ವಿಚಾರ ಸಂಕಿರಣದಲ್ಲಿ ಆಶಯದ ನಾಲ್ಕು ಮಾತುಗಳನ್ನಾಡಬೇಕೆಂದು ತಾವು ಅಪೇಕ್ಷಿಸಿದಾಗ, ಕ್ಯಾಮ್‌ಶಾಫ್ಟನ್ನೋ ಟರ್ಬೋವನ್ನೋ ವಿಷಯವಾಗಿ ತೆಗೆದುಕೊಂಡಿದ್ದರೆ ಸಭೆಗೆ ಹೆಚ್ಚು ರಂಜನೆಯಾಗುತ್ತಿತ್ತೆಂಬುದನ್ನು ಬಲ್ಲೆನಾದರೂ, ನಾನು ಬ್ಲಾಕನ್ನೇ ಆರಿಸಿಕೊಂಡೆನು. ಮಿಕ್ಕ ಅಂಗಗಳಲ್ಲಾದ ತಪ್ಪನ್ನು ಬಿಚ್ಚಿ ತಿದ್ದಬಹುದು. ಬ್ಲಾಕಿನ ಆಯ್ಕೆಯಲ್ಲಾದ ತಪ್ಪಾದರೋ, ಅದರ ಮೇಲೆ ಸುರಿದ ಹಣವನ್ನೂ ಶ್ರಮವನ್ನೂ ನುಂಗಿಕೊಂಡು, ಎಂಜಿನ್ ಪೂರ್ಣ ಭಾರದಲ್ಲಿ ಓಡತೊಡಗಿದ ಮೇಲೆಯೇ ಪ್ರಕಟವಾಗತಕ್ಕದ್ದು.

ದೃಷ್ಟಾಂತಕ್ಕೆ ಅಮೆರಿಕದ ಶೆವ್ರೊಲೆ ಸ್ಮಾಲ್ ಬ್ಲಾಕನ್ನೇ ನೋಡೋಣ. 1955ರಲ್ಲಿ 265 ಘನ ಅಂಗುಲದ ವಿ-8 ಆಗಿ ಜನ್ಮತಾಳಿ, 1967ರಲ್ಲಿ ಕಮಾರೊ ಕಾರಿನೊಡನೆ 350 ಘನ ಅಂಗುಲಕ್ಕೆ, ಎಂದರೆ 5.7 ಲೀಟರಿಗೆ ಬೆಳೆದ ಈ ವಂಶದಷ್ಟು ಬಿಚ್ಚಿ ಕಟ್ಟಿಸಿಕೊಂಡ ಎಂಜಿನ್ ಇನ್ನೊಂದಿರಲಾರದು. ಹಾಗೆಯೇ ಇದರಷ್ಟು ಐತಿಹ್ಯಗಳನ್ನು ಮೈಗೆ ಹತ್ತಿಸಿಕೊಂಡ ಎಂಜಿನ್ ಕೂಡ ಇನ್ನೊಂದಿಲ್ಲ.

ಮೊದಲನೆಯ ಐತಿಹ್ಯ ಅಂಕೆಗಳದು. ಎರಕದಲ್ಲೇ ಮೂಡಿದ 3970010 ಎಂಬ ಸಂಖ್ಯೆಯನ್ನು ಕಂಡೊಡನೆ ಹಿಗ್ಗುವವರುಂಟು. ಟೈಮಿಂಗ್ ಕವರಿನ ಹಿಂದೆ 010, 020 ಎಂದು ಎರಡು ಅಂಕೆಗಳು ಕಂಡರಂತೂ, ಅವು ಕಬ್ಬಿಣಕ್ಕೆ ಬೆರೆಸಿದ ತವರ ಮತ್ತು ನಿಕ್ಕಲ್‌ಗಳ ಶೇಕಡಾ ಪ್ರಮಾಣಗಳೆಂದು ವ್ಯಾಖ್ಯಾನ ಮಾಡಿ ಬೆಲೆಯನ್ನು ಏರಿಸುವವರೂ ಉಂಟು. ಅಂಕೆಗಳ ಅರ್ಥ ಏನೇ ಆಗಿರಲಿ, ಸಿಲಿಂಡರಿನ ಗೋಡೆ ಎಷ್ಟು ದಪ್ಪವಾಗಿದೆಯೆಂಬುದನ್ನು ಅವು ಹೇಳುವುದಿಲ್ಲ. ಅಷ್ಟೇ ಏಕೆ, ಅದೇ 3970010 ಸಂಖ್ಯೆಯ ಬ್ಲಾಕು ಎರಡು ಬೋಲ್ಟಿನ ಮುಖ್ಯ ಬೇರಿಂಗ್ ಕ್ಯಾಪ್‌ಗಳೊಡನೆಯೂ ನಾಲ್ಕು ಬೋಲ್ಟಿನವುಗಳೊಡನೆಯೂ ಹೊರಬಂದಿರುವುದರಿಂದ, ಆಯಿಲ್ ಪ್ಯಾನನ್ನು ಬಿಚ್ಚಿ ಕಣ್ಣಾರೆ ಕಂಡ ಹೊರತು ಯಾವುದೆಂದು ನಿಶ್ಚಯಿಸಲು ದಾರಿಯೇ ಇಲ್ಲ. ಜಾತ್ರೆಯಲ್ಲಿ ಎತ್ತನ್ನು ಕೊಳ್ಳುವ ರೈತನು ಮಾರುವವನ ಹೊಗಳಿಕೆಯನ್ನೆಲ್ಲ ಸಾವಧಾನವಾಗಿ ಕೇಳಿ, ಆಮೇಲೆ ಬಾಯಿ ತೆರೆಸಿ ಹಲ್ಲನ್ನು ಎಣಿಸುತ್ತಾನೆ. ನಮ್ಮಲ್ಲಿ ಅನೇಕರು ಹೊಗಳಿಕೆಯನ್ನು ಕೇಳಿದಷ್ಟಕ್ಕೇ ಹಣ ಎಣಿಸುತ್ತಾರೆ.

ನಾಲ್ಕು ಬೋಲ್ಟಿನ ಮೋಹವೂ ಇಂಥದ್ದೇ. ಐದು ಮುಖ್ಯ ಬೇರಿಂಗ್‌ಗಳಲ್ಲಿ ನಡುವಣ ಮೂರಕ್ಕೆ ಮಾತ್ರ ಕಾರ್ಖಾನೆಯವರು ಈ ಹೆಚ್ಚಿನ ಬೋಲ್ಟುಗಳನ್ನು ಕೊಟ್ಟರು. ರಸ್ತೆಯಲ್ಲಿ ಓಡತಕ್ಕ, ಮಿತವಾದ ಶಕ್ತಿಯ ಎಂಜಿನಿಗೆ ಎರಡು ಬೋಲ್ಟಿನ ಒಳ್ಳೆಯ ಬ್ಲಾಕೇ ಧಾರಾಳವಾಗಿ ಸಾಕು. ಶಕ್ತಿಯನ್ನು ಬಹಳವಾಗಿ ಏರಿಸುವವನು ಆ ಎರಡು ಬೋಲ್ಟಿನ ಬ್ಲಾಕಿಗೇ ಹೊರಬೋಲ್ಟುಗಳು ಓರೆಯಾಗಿ ಕೂರುವ ಉಕ್ಕಿನ ಕ್ಯಾಪ್‌ಗಳನ್ನು ಅಳವಡಿಸಿ ಲೈನ್ ಬೋರ್ ಮಾಡಿಸುವುದು, ಕಾರ್ಖಾನೆಯ ನಾಲ್ಕು ಬೋಲ್ಟುಗಳಿಗಿಂತ ಉತ್ತಮವೆಂದು ನನ್ನ ಅಭಿಪ್ರಾಯ.

ಇನ್ನು ಗೋಡೆಯ ವಿಚಾರ. ಪ್ರಕೃತ ವಿಷಯದ ತಿರುಳೇ ಇದಾದ್ದರಿಂದ ಇಲ್ಲಿ ಕೊಂಚ ನಿಲ್ಲಬೇಕಾಗಿದೆ. ಕರಗಿದ ಬೀಡುಕಬ್ಬಿಣವನ್ನು ಸುರಿಯುವಾಗ, ನೀರಿನ ದಾರಿಗಳನ್ನು ರೂಪಿಸುವ ಮರಳಿನ ಕೋರ್ ಕೂದಲೆಳೆಯಷ್ಟು ಅತ್ತಿತ್ತ ಸರಿದರೂ, ಸಿಲಿಂಡರಿನ ಒಂದು ಪಕ್ಕದ ಗೋಡೆ ದಪ್ಪವಾಗಿ ಎದುರು ಪಕ್ಕದ್ದು ತೆಳುವಾಗುತ್ತದೆ. ಬೆಳಗಾವಿಯ ಎರಕದ ಮನೆಗಳಿಂದ ಬಂದಿರುವ ಮಹನೀಯರಿಗೆ ಇದನ್ನು ನಾನು ವಿವರಿಸಹೊರಡುವುದು ಉದ್ಧಟತನವೇ ಸರಿ. ಹೊರಗಿನಿಂದ ಒಂದೇ ತೆರನಾಗಿ ತೋರುವ ಎರಡು ಬ್ಲಾಕುಗಳಲ್ಲಿ, ಒಂದನ್ನು 0.060 ಅಂಗುಲ ರೀಬೋರ್ ಮಾಡಿದರೂ ನಿಶ್ಚಿಂತೆಯಾಗಿ ಓಡಿಸಬಹುದಾದರೆ, ಇನ್ನೊಂದು 0.030ಕ್ಕೇ ಕಾದು ಬಿರಿಯಬಹುದು. ಆದುದರಿಂದ ಶ್ರವಣಾತೀತ ಧ್ವನಿಯ ಮಾಪಕವನ್ನು ಹಿಡಿದು ಪ್ರತಿಯೊಂದು ಸಿಲಿಂಡರನ್ನೂ ಸುತ್ತಲೂ, ಮೇಲಿನಿಂದ ಕೆಳಗಿನವರೆಗೂ ಅಳೆಯತಕ್ಕದ್ದು. ಅದರಲ್ಲಿಯೂ ದಹನದ ಒತ್ತಡಕ್ಕೆ ಪಿಸ್ಟನ್ ಒರಗುವ ಪಾರ್ಶ್ವವನ್ನು ವಿಶೇಷವಾಗಿ ನೋಡಬೇಕು. ಸ್ಪರ್ಧೆಯ ಎಂಜಿನ್ ಕಟ್ಟುವವರು ಅಲ್ಲಿ 5 ಮಿಲಿಮೀಟರಿನಷ್ಟಾದರೂ ಲೋಹವನ್ನು ಅಪೇಕ್ಷಿಸುತ್ತಾರೆ. ಬಿರುಕನ್ನು ಕಾಂತೀಯ ಪರೀಕ್ಷೆಯಿಂದ ಹುಡುಕುವುದು ಇದಕ್ಕೂ ಮೊದಲಿನ ಕೆಲಸ.

ಗಾತ್ರದ ಆಸೆ ಯಾರಿಗಿಲ್ಲ? 1970ರಲ್ಲಿ ಬಂದ 400 ಘನ ಅಂಗುಲದ ಬ್ಲಾಕನ್ನೇ ಕೊಳ್ಳಬಾರದೇಕೆಂದು ಕೇಳುವವರಿಗೆ ಉತ್ತರ ಅದರ ಜ್ಯಾಮಿತಿಯಲ್ಲಿಯೇ ಇದೆ. ಸಿಲಿಂಡರುಗಳ ಕೇಂದ್ರದಿಂದ ಕೇಂದ್ರಕ್ಕೆ 4.40 ಅಂಗುಲ ಅಂತರವು ಈ ವಂಶದಲ್ಲಿ ಬದಲಾಗಲಿಲ್ಲ. 350ರ 4 ಅಂಗುಲದ ಬೋರನ್ನು 4.125ಕ್ಕೆ ಹಿಗ್ಗಿಸಿದಾಗ ನಡುವೆ ನೀರು ಹರಿಯಲು ಎಡೆಯುಳಿಯದೆ ಸಿಲಿಂಡರುಗಳು ಒಂದಕ್ಕೊಂದು ಅಂಟಿಕೊಂಡವು, ಮತ್ತು ಅಲ್ಲಿ ಸಿಕ್ಕಿಬೀಳುವ ಹಬೆ ಹೊರಹೋಗಲೆಂದು ಬ್ಲಾಕಿನ ಮೇಲ್ಮುಖದಲ್ಲಿ ಪ್ರತ್ಯೇಕ ರಂಧ್ರಗಳನ್ನು ಕೊರೆಯಬೇಕಾಯಿತು. ಆದುದರಿಂದಲೇ ಜಾಣರು ಬೇರೊಂದು ಮಾರ್ಗವನ್ನು ಹಿಡಿದರು: 400ರ ಕ್ರ್ಯಾಂಕ್‌ಶಾಫ್ಟಿನ ಮುಖ್ಯ ಜರ್ನಲ್‌ಗಳನ್ನು 2.65 ಅಂಗುಲದಿಂದ 2.45ಕ್ಕೆ ಸಾಣೆ ಹಿಡಿದು, 0.030 ರೀಬೋರ್ ಮಾಡಿದ 350ರ ಬ್ಲಾಕಿನಲ್ಲಿ ಕೂರಿಸಿ, 383 ಘನ ಅಂಗುಲವನ್ನು ಪಡೆದರು. ಕನೆಕ್ಟಿಂಗ್ ರಾಡು ತಾಗದಂತೆ ಬ್ಲಾಕಿನ ಕೆಳಅಂಚನ್ನು ಅಲ್ಲಲ್ಲಿ ಉಜ್ಜಬೇಕಾಗುವುದು ನಿಜ. ಉಜ್ಜುವ ಭರದಲ್ಲಿ ನೀರಿನ ದಾರಿಗೆ ತೂತು ಬೀಳಿಸುವವರೂ ಇದ್ದಾರೆ.

ಹಳೆಯ ಬ್ಲಾಕೋ ಹೊಸದೋ ಎಂಬ ಪ್ರಶ್ನೆಗೆ ಒಂದು ಐತಿಹಾಸಿಕ ಸಾಕ್ಷ್ಯವನ್ನು ಮುಂದಿಡುತ್ತೇನೆ. 1983ರಲ್ಲಿ ನೆಲ್ಸನ್ ಪಿಕೆ ಬ್ರಾಭಮ್ ಕಾರಿನಲ್ಲಿ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಆದಾಗ, ಅವರ ಹಿಂದಿದ್ದ ಬಿಎಂಡಬ್ಲ್ಯು ಸಂಸ್ಥೆಯ 1.5 ಲೀಟರಿನ ಟರ್ಬೋ ಎಂಜಿನಿಗೆ ಆಧಾರವಾಗಿದ್ದುದು, 1960ರ ದಶಕದಲ್ಲಿ ಸಾಮಾನ್ಯ ಕಾರುಗಳಿಗಾಗಿ ಹುಟ್ಟಿದ ಎಂ10 ಎಂಬ ಕಬ್ಬಿಣದ ಬ್ಲಾಕು. ಎರಕದ ಕಾಲದಲ್ಲಿ ಲೋಹದೊಳಗೆ ಸಿಕ್ಕಿಕೊಂಡ ಒತ್ತಡಗಳು ಸಾವಿರಾರು ಸಲ ಕಾದು ಆರಿದ ಬಳಿಕ ಸಡಿಲಗೊಂಡು, ಬ್ಲಾಕು ತನ್ನ ಆಕಾರದಲ್ಲಿ ನೆಲೆನಿಲ್ಲುವುದರಿಂದ, ಓಡಿ ಹಳತಾದವುಗಳನ್ನೇ ಆ ಸಂಸ್ಥೆಯವರು ಆರಿಸುತ್ತಿದ್ದರೆಂಬುದು ಪ್ರಸಿದ್ಧ. ಅವನ್ನು ಬಯಲಲ್ಲಿ ಮಳೆಗಾಳಿಗೆ ಒಡ್ಡುತ್ತಿದ್ದರೆಂಬ ರಮ್ಯಕಥೆಗಳ ಸತ್ಯಾಸತ್ಯತೆ ಹೇಗೇ ಇರಲಿ, ಹಳತೆಂಬ ಮಾತ್ರಕ್ಕೆ ಬ್ಲಾಕು ತ್ಯಾಜ್ಯವಲ್ಲವೆಂಬುದಕ್ಕೆ ಇಷ್ಟು ಸಾಕು.

ಅಲ್ಯುಮಿನಿಯಂ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಅದರ ಸಾಂದ್ರತೆ 2.7, ಬೀಡಿನದು ಸುಮಾರು 7.2 ಆದುದರಿಂದ, ಮುಂಗಾಲಿಗಳ ಮೇಲಿನ ಭಾರವನ್ನು ಇಳಿಸಬೇಕೆನ್ನುವವರಿಗೆ 1997ರ ಕಾರ್ವೆಟ್‌ನೊಡನೆ ಬಂದ ಎಲ್‌ಎಸ್1 ಎಂಬ ಅಲ್ಯುಮಿನಿಯಂ ಬ್ಲಾಕು ನಿಜಕ್ಕೂ ಪ್ರಲೋಭನೆ. ಆದರೆ ಅದರೊಳಗಿನ ಕಬ್ಬಿಣದ ಲೈನರುಗಳು ತೆಳುವಾದುದರಿಂದ ರೀಬೋರಿಗೆ ಎಡೆ ಅತ್ಯಲ್ಪ. ಟರ್ಬೋ ಹೂಡುವವನು ಅದೇ ವಂಶದ, ಟ್ರಕ್ಕುಗಳ 6 ಲೀಟರಿನ ಕಬ್ಬಿಣದ ಬ್ಲಾಕನ್ನು ಹುಡುಕುವುದು ಲೇಸು. ಇನ್ನು, 1967ರ ಕಮಾರೊ ಎಂಜಿನಿಗೆ ಕಾರ್ಖಾನೆಯೇ ಘೋಷಿಸಿದ 295 ಅಶ್ವಶಕ್ತಿಯ ಇಮ್ಮಡಿಯನ್ನು ಬಯಸುವವನು, ಡಾರ್ಟ್‌ನಂಥ ಸಂಸ್ಥೆಗಳು ದಪ್ಪಗೋಡೆಯಿಟ್ಟು ಹೊಸದಾಗಿ ಎರಕ ಹೊಯ್ಯುವ ಬ್ಲಾಕನ್ನು ಕೊಳ್ಳಲಿ. ಹಳೆಯದಕ್ಕೆ ಕ್ಯಾಪು, ಲೈನ್ ಬೋರು, ಅಳತೆ, ಲೈನರು ಎಂದು ತೆರುವ ಕೂಲಿಯನ್ನು ಕೂಡಿಸಿ ನೋಡಿದರೆ ವ್ಯತ್ಯಾಸ ಬಹಳವಾಗಿ ಉಳಿಯದು.

ಇಂದು ಪ್ರಬಂಧಗಳನ್ನು ಮಂಡಿಸಲಿರುವ ವಿದ್ವಾಂಸರಲ್ಲಿ ನನ್ನದೊಂದು ವಿಜ್ಞಾಪನೆ. ತಾವು ಕಟ್ಟಿದ ಎಂಜಿನಿನ ಅಶ್ವಶಕ್ತಿಯನ್ನು ಹೇಳುವಾಗ, ರೀಬೋರಿಗೆ ಮುನ್ನ ಗೋಡೆ ಎಲ್ಲಿ ಎಷ್ಟಿತ್ತು, ಆಮೇಲೆ ಎಷ್ಟು ಉಳಿಯಿತು, ಸಿಲಿಂಡರ್ ಹೆಡ್ಡಿನ ಬಿಗಿತವನ್ನು ಅನುಕರಿಸುವ ಟಾರ್ಕ್ ಪ್ಲೇಟನ್ನು ಕೂರಿಸಿ ಹೋನಿಂಗ್ ಮಾಡಿದಿರೋ ಇಲ್ಲವೋ ಎಂಬುದನ್ನೂ ದಯಮಾಡಿ ತಿಳಿಸಬೇಕು. ಯಾವ ಶಕ್ತಿಗೆ ಎಷ್ಟು ದಪ್ಪದ ಗೋಡೆ ಸಾಕೆಂಬುದಕ್ಕೆ ಸಂಜೆಯ ಗೋಷ್ಠಿಯಲ್ಲಿ ಒಂದು ಕೋಷ್ಟಕವನ್ನು ಸಿದ್ಧಪಡಿಸುವುದಾದರೆ, ಆ ಅಂಕಿಗಳಿಲ್ಲದೆ ಅದು ಸಾಧ್ಯವಾಗದು. ಮೊದಲನೆಯ ಗೋಷ್ಠಿಯ ಅಧ್ಯಕ್ಷರು ಈಗ ವೇದಿಕೆಗೆ ದಯಮಾಡಿಸಬೇಕೆಂದು ಪ್ರಾರ್ಥಿಸುತ್ತೇನೆ.