ಯಕೃತ್ತಿನೊಳಗಿನ ಕಲ್ಲು

ಪಿತ್ತಕೋಶದಲ್ಲಿ ಕಲ್ಲಾದರೆ ಪಿತ್ತಕೋಶವನ್ನೇ ತೆಗೆದುಬಿಡುತ್ತಾರೆ. ಅದಿಲ್ಲದೆಯೂ ಮನುಷ್ಯ ಆರಾಮವಾಗಿರಬಲ್ಲ. ಆದರೆ ಯಕೃತ್ತಿನ ಒಳಗೆ, ಮರದ ಕೊಂಬೆಗಳಂತೆ ಕವಲೊಡೆದ ಪಿತ್ತನಾಳಗಳಲ್ಲೇ ಕಲ್ಲು ಕಟ್ಟಿಕೊಂಡರೆ ಏನು ಮಾಡುವುದು? ಯಕೃತ್ತನ್ನು ಹಾಗೆ ತೆಗೆದುಹಾಕಲು ಬರುವುದಿಲ್ಲ.

ಹಾಂಗ್‌ಕಾಂಗ್‌ನ ಶಸ್ತ್ರವೈದ್ಯ ಕೆನೆಲ್ಮ್ ಡಿಗ್ಬಿ 1930ರಲ್ಲೇ ಈ ಕಲ್ಲುಗಳ ಬಗ್ಗೆ ಬರೆದಿದ್ದರು. ತೈವಾನ್, ಚೀನಾ, ಕೊರಿಯಾಗಳಲ್ಲಿ ಈ ಕಾಯಿಲೆ ಹೆಚ್ಚು. ನಮ್ಮ ದೇಶದಲ್ಲೂ, ಅದರಲ್ಲೂ ಜಂತುಹುಳು ಪಿತ್ತನಾಳಕ್ಕೆ ನುಗ್ಗುವ ಪ್ರಕರಣಗಳನ್ನು ಬಹಳವಾಗಿ ಕಂಡ ಕಾಶ್ಮೀರದಲ್ಲಿ, ವೈದ್ಯರಿಗೆ ಇದು ಹೊಸದಲ್ಲ. ನಾಳ ಎಲ್ಲೋ ಒಂದು ಕಡೆ ಕಿರಿದಾಗುತ್ತದೆ, ಪಿತ್ತರಸ ನಿಲ್ಲುತ್ತದೆ, ಕರುಳಿನ ಬ್ಯಾಕ್ಟೀರಿಯಾ ಅಲ್ಲಿಗೆ ಸೇರುತ್ತವೆ. ಅವು ಒಡೆದ ಬಿಲಿರುಬಿನ್, ಅಂದರೆ ಪಿತ್ತರಸದ ಹಳದಿ ಬಣ್ಣದ ವಸ್ತು, ಕ್ಯಾಲ್ಸಿಯಂ ಜೊತೆ ಸೇರಿ ಕಂದು ಬಣ್ಣದ, ಸುಲಭವಾಗಿ ಪುಡಿಯಾಗುವ ಕಲ್ಲಾಗುತ್ತದೆ. ಕಲ್ಲಿನಿಂದ ಮತ್ತೆ ಸೋಂಕು, ಸೋಂಕಿನಿಂದ ನಾಳ ಇನ್ನಷ್ಟು ಕಿರಿದು.

ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ ಕೆಳಗಿನ ದೊಡ್ಡ ನಾಳದ ಕಲ್ಲನ್ನು ತೆಗೆಯಬಹುದು. ಕಿರಿದಾದ ಜಾಗದ ಆಚೆಗಿನ ಕವಲುಗಳಿಗೆ ಅದು ಎಷ್ಟೋ ಸಲ ತಲುಪುವುದಿಲ್ಲ. ಆಗ ಹೊರಗಿನಿಂದಲೇ ದಾರಿ ಮಾಡಬೇಕು. ಸ್ಕ್ಯಾನಿಂಗ್ ನೋಡುತ್ತಾ ಚರ್ಮದ ಮೂಲಕ ಸೂಜಿಯನ್ನು ಯಕೃತ್ತಿಗೆ ಚುಚ್ಚಿ, ಪಿತ್ತರಸ ಬಂದ ಮೇಲೆ ಸೂಜಿಯೊಳಗಿಂದ ತೆಳು ತಂತಿ ದಾಟಿಸಿ, ಒಂದು ಕೊಳವೆ ಇಡುತ್ತಾರೆ. ಆ ದಾರಿಯನ್ನು ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಹಂತಹಂತವಾಗಿ ಐದಾರು ಮಿಲಿಮೀಟರಿಗೆ ಹಿಗ್ಗಿಸುತ್ತಾರೆ. ಅದರ ಸುತ್ತ ಗಟ್ಟಿ ಗೋಡೆ ಕಟ್ಟಿಕೊಂಡ ಮೇಲೆ ಸಣ್ಣ ಎಂಡೋಸ್ಕೋಪ್ ಒಳಗೆ ಹೋಗುತ್ತದೆ. ಉಪ್ಪುನೀರು ಹರಿಸುತ್ತಿದ್ದಂತೆ ಪರದೆಯ ಮೇಲೆ ನಾಳದ ಗೋಡೆ ತಿಳಿಯಾಗಿ ಕಾಣುತ್ತದೆ; ನಡುವೆ ಕಂದು ಕಲ್ಲು. ಲೇಸರ್ ಎಳೆಯನ್ನು ಕಲ್ಲಿಗೆ ತಾಗಿಸಿದರೆ ಅದು ಚೂರಾಗುತ್ತದೆ. ದೊಡ್ಡ ಚೂರುಗಳನ್ನು ತಂತಿಯ ಬುಟ್ಟಿಯಲ್ಲಿ ಹಿಡಿದು ಎಳೆಯುತ್ತಾರೆ.

ನನ್ನ ಮಟ್ಟಿಗೆ ಈ ವಿಧಾನದ ದೊಡ್ಡ ಲಾಭ ಗಾಯ ಚಿಕ್ಕದು ಎನ್ನುವುದಲ್ಲ, ಅದೇ ದಾರಿಯಲ್ಲಿ ಮತ್ತೆ ಮತ್ತೆ ಒಳಗೆ ಹೋಗಬಹುದು ಎನ್ನುವುದು. ಒಂದೇ ಸಲಕ್ಕೆ ಎಲ್ಲ ಕಲ್ಲೂ ಬರುವುದು ಅಪರೂಪ. ಕಲ್ಲು ತೆಗೆದು, ಕಿರಿದಾದ ಜಾಗವನ್ನು ಹಾಗೇ ಬಿಟ್ಟರೆ ಕಲ್ಲು ಮರಳಿ ಬರುವುದು ಹೆಚ್ಚು. ಆದ್ದರಿಂದ ಬಲೂನಿನಿಂದ ಅದನ್ನು ಹಿಗ್ಗಿಸಿ, ಅಗತ್ಯವಿದ್ದರೆ ಕೊಳವೆಯನ್ನು ತಿಂಗಳುಗಟ್ಟಲೆ ಅಲ್ಲೇ ಇಡುತ್ತಾರೆ. ಪಕ್ಕೆಯಲ್ಲಿ ಕೊಳವೆ ನೇತಾಡಿಸಿಕೊಂಡು ದಿನ ಕಳೆಯುವುದು ನಿಜಕ್ಕೂ ಕಷ್ಟ. ಆದರೂ ವೈದ್ಯರು ಹೇಳುವ ಮುನ್ನ ಅದನ್ನು ತೆಗೆಸಬೇಡಿ.

ಯಕೃತ್ತಿನ ಒಂದು ಭಾಗ ಸೊರಗಿಹೋಗಿದ್ದರೆ, ಹೆಚ್ಚಾಗಿ ಅದು ಎಡಭಾಗ, ಲ್ಯಾಪರೋಸ್ಕೋಪಿಯಲ್ಲಿ ಆ ಭಾಗವನ್ನೇ ಕತ್ತರಿಸಿ ತೆಗೆಯುತ್ತಾರೆ. ವರ್ಷಗಟ್ಟಲೆ ಕಲ್ಲಿದ್ದ ನಾಳದಲ್ಲಿ ಕ್ಯಾನ್ಸರ್ ಹುಟ್ಟುವ ಅಪಾಯವೂ ಇರುವುದರಿಂದ, ಕಲ್ಲು ಹೋದ ಮೇಲೂ ತಪಾಸಣೆ ಬಿಡುವಂತಿಲ್ಲ. ನಡುಕ ಬರಿಸುವ ಚಳಿಜ್ವರ, ಹೊಟ್ಟೆಯ ಮೇಲ್ಭಾಗದಲ್ಲಿ ನೋವು, ಕಣ್ಣು ಹಳದಿ ಎಂದಾದರೆ ಕಾಮಾಲೆಗೆ ಮನೆಮದ್ದು ಮಾಡುತ್ತಾ ಕೂರದೆ ಅಂದೇ ಆಸ್ಪತ್ರೆಗೆ ಹೋಗಿ.