ಹದಿಮೂರು ಮೆಟ್ಟಿಲು



ನಮ್ಮ ಮಹಿಳಾ ವೇದಿಕೆಯ ಹಿರಿಯರೊಬ್ಬರು ಫೋನ್ ಮಾಡಿ, "ವೀರರು ಅಂದರೆ ಯಾರು ಅಂತ ಹತ್ತು ನಿಮಿಷ ಮಾತಾಡಮ್ಮಾ" ಎಂದಾಗ ನನಗೆ ಮೊದಲು ನಗು ಬಂತು. ನಾನು ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವಳು. ನಮ್ಮ ಐಟಿ ಕ್ಷೇತ್ರದಲ್ಲಿ ಭಾನುವಾರ ರಾತ್ರಿ ಸರ್ವರ್ ಕೈಕೊಟ್ಟಾಗ ಎದ್ದು ಸರಿಮಾಡಿದವರನ್ನೂ ಸೋಮವಾರ ಬೆಳಿಗ್ಗೆ ಮೇಲ್‌ನಲ್ಲಿ 'ಹೀರೋ' ಅನ್ನುತ್ತಾರೆ. ಇನ್ನು ಚೆನ್ನೈನಲ್ಲಿ ಹೀರೋ ಅಂದರೆ ಕಟೌಟು, ಅದಕ್ಕೆ ಹಾಲಿನ ಅಭಿಷೇಕ. ಅದೆಲ್ಲ ಇರಲಿ. ನಾನು ಕಣ್ಣಾರೆ ಕಂಡ ಒಂದು ರಾತ್ರಿಯಿಂದ ಶುರು ಮಾಡುತ್ತೇನೆ.

2015ರ ಡಿಸೆಂಬರ್ 1. ಇಲ್ಲಿರುವ ಯಾರಿಗೂ ಆ ದಿನ ಮರೆತಿರಲಾರದು. ನಾನು ಮದುವೆಯಾಗಿ ಧಾರವಾಡದಿಂದ ವೆಸ್ಟ್ ಮಾಂಬಲಂಗೆ ಬಂದು ಒಂದೂವರೆ ವರ್ಷವಾಗಿತ್ತು. ಅಯೋಧ್ಯಾ ಮಂಟಪಕ್ಕೆ ನಡೆದೇ ಹೋಗಬಹುದಾದ ಬೀದಿ, ಮೊದಲ ಮಹಡಿಯ ಮನೆ. ಆಗ ನಾನು ಐದು ತಿಂಗಳ ಬಸುರಿ. ನವೆಂಬರ್ ಪೂರ್ತಿ ಸುರಿದಿದ್ದ ಮಳೆ ಆ ದಿನ ನಿಲ್ಲಲೇ ಇಲ್ಲ. ಚೆಂಬರಂಬಾಕ್ಕಂ ಕೆರೆಯ ನೀರು ಬಿಟ್ಟರು, ಅಡಯಾರ್ ಉಕ್ಕಿತು. ಕರೆಂಟ್ ಹೋಯಿತು, ಮೊಬೈಲ್ ಸತ್ತಿತು. ವಿಮಾನ ನಿಲ್ದಾಣದ ರನ್‌ವೇ ಮುಳುಗಿತು. 1878ರಲ್ಲಿ ಶುರುವಾದ 'ದಿ ಹಿಂದೂ' ಪತ್ರಿಕೆ ಮೊದಲ ಬಾರಿಗೆ ಚೆನ್ನೈನಲ್ಲಿ ಮರುದಿನ ಅಚ್ಚಾಗಲಿಲ್ಲ, ಕೆಲಸಗಾರರು ಪ್ರೆಸ್ ತಲುಪಲಾಗಲಿಲ್ಲ ಅಂತ.

ನಮ್ಮ ಮನೆಯಿಂದ ಕೆಳಗೆ ಹದಿಮೂರು ಮೆಟ್ಟಿಲು. ರಾತ್ರಿ ಹನ್ನೊಂದರ ಹೊತ್ತಿಗೆ ನಾಲ್ಕು ಮೆಟ್ಟಿಲು ನೀರಿನಲ್ಲಿದ್ದವು. ಕೆಳಗಿನ ಮನೆಯಲ್ಲಿ ವಯಸ್ಸಾದ ಮಾಮಾ, ಮಾಮಿ ಇಬ್ಬರೇ. ಮಾಮಿಗೆ ಮಂಡಿಯ ಆಪರೇಷನ್ ಆಗಿತ್ತು, ಮೆಟ್ಟಿಲು ಹತ್ತಲಾರರು. ಕತ್ತಲಲ್ಲಿ ಅವರ ಕೂಗು ಕೇಳಿಸಿತು. ನಮ್ಮವರು ಪಂಚೆ ಮೇಲೆ ಕಟ್ಟಿ ಹೊರಟರು. ನಾನು ಅವರ ತೋಳು ಹಿಡಿದುಕೊಂಡೆ. "ಬೇಡ. ನೀರಿನಲ್ಲಿ ಕರೆಂಟ್ ಇದ್ದರೆ? ನಿಮಗೆ ಈಜೂ ಬರಲ್ಲ" ಎಂದೆ. ಅವರು ನಿಂತರು. ಎಷ್ಟು ಹೊತ್ತು ನಿಂತರೋ, ಎರಡು ನಿಮಿಷವೋ ಐದೋ, ಗೊತ್ತಿಲ್ಲ. ಮಾಮಿಯ ಕೂಗು ನಿಂತಿರಲಿಲ್ಲ. ನಾನು ಕೈ ಬಿಡಲಿಲ್ಲ. ಇದನ್ನು ಇವತ್ತೇ ಮೊದಲ ಸಲ ಎಲ್ಲರೆದುರು ಹೇಳುತ್ತಿದ್ದೇನೆ.

ಆಗ ಗೇಟಿನ ಕಡೆಯಿಂದ ಒಂದು ದನಿ: "ಅಕ್ಕಾ, ಲೈಟ್ ಅಡಿಂಗೆ!" ನಮ್ಮ ಬೀದಿಯ ತುದಿಯಲ್ಲಿ ಬಟ್ಟೆ ಇಸ್ತ್ರಿ ಮಾಡುವ ಅಣ್ಣ. ಸೊಂಟದವರೆಗಿನ ನೀರಿನಲ್ಲಿ ಗೋಡೆ ಹಿಡಿದುಕೊಂಡು ಬಂದಿದ್ದರು. ನಾನು ಮೇಲಿನಿಂದ ಟಾರ್ಚ್ ಬಿಟ್ಟೆ. ಅವರು ಒಳಗೆ ಹೋಗಿ ಮಾಮಿಯನ್ನು ಬೆನ್ನ ಮೇಲೆ ಹೊತ್ತು, ಒಂದೊಂದೇ ಮೆಟ್ಟಿಲು ಹತ್ತಿ, ನಮ್ಮ ಹಾಲ್‌ನಲ್ಲಿ ಕೂರಿಸಿದರು. ಆಮೇಲೆ ಮಾಮಾಗೋಸ್ಕರ ಮತ್ತೆ ಇಳಿದರು. ಆ ಹೊತ್ತಿಗೆ ನಮ್ಮವರು ನನ್ನ ಕೈ ಬಿಡಿಸಿಕೊಂಡು ಅವರ ಹಿಂದೆ ಇಳಿದಿದ್ದರು.

ಅಣ್ಣನ ಇಸ್ತ್ರಿ ಗಾಡಿ ಆ ರಾತ್ರಿ ನೀರಿಗೆ ಕೊಚ್ಚಿಹೋಯಿತು. ವಾರದ ನಂತರ ಕೇಳಿದೆ, "ಅಣ್ಣಾ, ಭಯ ಆಗಲಿಲ್ಲವಾ?" ಅಂತ. "ಭಯಂದಾನ್ ಅಕ್ಕಾ" ಎಂದರು. ಭಯವೇ ಆಗಿತ್ತಂತೆ. "ಆದರೆ ಮಾಮಿ ಕೂಗ್ತಾ ಇದ್ದರಲ್ಲ" ಎಂದು ತಮಿಳಿನಲ್ಲೇ ಸೇರಿಸಿದರು. ಬೀದಿಯವರೆಲ್ಲ ಸೇರಿ ಹೊಸ ಗಾಡಿಗೆ ಹಣ ಕೂಡಿಸಿ ಕೊಟ್ಟೆವು. ಸಂಕೋಚವಿಲ್ಲದೆ ತೆಗೆದುಕೊಂಡರು. ಜನವರಿಯಲ್ಲಿ ಒಂದು ಬಟ್ಟೆಗೆ ಒಂದು ರೂಪಾಯಿ ಜಾಸ್ತಿಯನ್ನೂ ಮಾಡಿದರು! ಸಿನಿಮಾದ ಹೀರೋ ಹೀಗೆ ಮಾಡುವುದಿಲ್ಲ, ನಿಜ. ಆದರೆ ಸಿನಿಮಾದ ಹೀರೋಗೆ ಗಾಡಿ ಕೊಚ್ಚಿಹೋದ ಮೇಲೆ ಮನೆ ಬಾಡಿಗೆ ಕಟ್ಟುವ ಚಿಂತೆ ಇರುವುದಿಲ್ಲ.

ಗೋಡೆಯ ತೇವ ಇನ್ನೂ ಆರಿರಲಿಲ್ಲ, ಎರಡು ತಿಂಗಳಾಗಿತ್ತು ಅಷ್ಟೆ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಹಿಮಕುಸಿತ. 19,600 ಅಡಿ ಎತ್ತರದ ಠಾಣೆಯಲ್ಲಿದ್ದ ಹತ್ತು ಸೈನಿಕರು ಹಿಮದಡಿ ಹೂತುಹೋದರು. ಎಲ್ಲರೂ 19ನೇ ಮದ್ರಾಸ್ ಬೆಟಾಲಿಯನ್ನಿನ ಠಾಣೆಯವರು. ನಮ್ಮ ಈ ಊರಿನ ಹಳೆಯ ಹೆಸರೇ ಆ ರೆಜಿಮೆಂಟಿನ ಹೆಸರು. ಹತ್ತರಲ್ಲಿ ನಾಲ್ವರು ತಮಿಳುನಾಡಿನವರು, ಮೂವರು ಕನ್ನಡಿಗರು: ಹಾಸನ ಜಿಲ್ಲೆಯ ಸುಬೇದಾರ್ ನಾಗೇಶ್, ಎಚ್.ಡಿ. ಕೋಟೆ ಕಡೆಯ ಸಿಪಾಯಿ ಮಹೇಶ್, ನಮ್ಮ ಧಾರವಾಡ ಜಿಲ್ಲೆ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ನೂರೈವತ್ತಕ್ಕೂ ಹೆಚ್ಚು ಸೈನಿಕರು ಹಗಲೂ ರಾತ್ರಿ ಕಲ್ಲಿನಂಥ ಹಿಮ ಕೊರೆದರು. ಡಾಟ್, ಮಿಶಾ ಎಂಬ ನಾಯಿಗಳು ಜಾಗ ಗುರುತಿಸಿದವು. ಆರನೆಯ ದಿನ ಇಪ್ಪತ್ತೈದು ಮೂವತ್ತು ಅಡಿ ಆಳದಲ್ಲಿ ಹನುಮಂತಪ್ಪ ಜೀವಂತ ಸಿಕ್ಕರು. ನಾವೆಲ್ಲ ದೇವರಿಗೆ ದೀಪ ಹಚ್ಚಿದೆವು. ಫೆಬ್ರುವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು.

ಅಂತಿಮ ದರ್ಶನಕ್ಕೆ ಹುಬ್ಬಳ್ಳಿಯ ನೆಹರೂ ಮೈದಾನಕ್ಕೆ ನನ್ನ ಅಪ್ಪ ಹೋಗಿದ್ದರು. ಫೋನಿನಲ್ಲಿ ಹೇಳಿದ್ದು ಇಷ್ಟೇ: "ಮಂದಿ ಭಾಳ ಇತ್ತವ್ವಾ. ಆದ್ರ ಸಪ್ಪಳ ಇರಲಿಲ್ಲ."

ಆ ಆರು ದಿನಗಳಿಂದಾಗಿ ನಾವು ಅವರನ್ನು ವೀರ ಅಂದೆವು. ಆಮೇಲೆ ಸೇನೆ ಕೊಟ್ಟ ವಿವರ ಓದಿದೆ. ಹದಿಮೂರು ವರ್ಷದ ಸೇವೆಯಲ್ಲಿ ಹತ್ತು ವರ್ಷ ಅವರು ಕಷ್ಟದ ಜಾಗಗಳಲ್ಲೇ ಇದ್ದರು. ಜಮ್ಮು ಕಾಶ್ಮೀರದಲ್ಲಿ ಎರಡು ಸಲ, ಈಶಾನ್ಯದಲ್ಲಿ ಒಂದು ಸಲ, ಕೊನೆಗೆ ಸಿಯಾಚಿನ್. ಹಿಮ ಬೀಳುವ ಮೊದಲಿನ ಆ ಹತ್ತು ವರ್ಷಗಳ ಒಂದು ದಿನವೂ ಯಾವ ಟಿವಿಯಲ್ಲೂ ಬಂದಿರಲಿಲ್ಲ. ಪ್ರತಿ ಸಲ ರಜೆ ಮುಗಿಸಿ ಬೆಟದೂರಿನಿಂದ ಹೊರಡುವಾಗ ಅವರನ್ನು ಕಳಿಸಿಕೊಡುವವರು ಒಬ್ಬರು ಬೇಕಲ್ಲ. ಮನೆಯಲ್ಲಿ ಹೆಂಡತಿ, ಇನ್ನೂ ಸರಿಯಾಗಿ ಮಾತು ಬಾರದ ಮಗಳು. ಆ ಹೆಂಗಸಿನ ಫೋಟೋ ಪತ್ರಿಕೆಯಲ್ಲಿ ನೋಡಿದಾಗ ನನಗೆ ನನ್ನ ಕೈ ನೆನಪಾಯಿತು. ನಾನು ಹದಿಮೂರು ಮೆಟ್ಟಿಲಿಗೂ ಬಿಟ್ಟಿರಲಿಲ್ಲ.

ನಮ್ಮ ಧಾರವಾಡದ ಕಡೆ ಹಳ್ಳಿಹಳ್ಳಿಯಲ್ಲೂ ವೀರಗಲ್ಲುಗಳಿವೆ. ಎಷ್ಟೋ ಕಲ್ಲುಗಳು ರಾಜರವಲ್ಲ, ಊರಿನ ದನಗಳನ್ನು ಹೊಡೆದುಕೊಂಡು ಹೋಗಲು ಬಂದವರನ್ನು ತಡೆದು ಸತ್ತ ಸಾಮಾನ್ಯರವು. ಮಂಡ್ಯದ ಆತಕೂರಿನಲ್ಲಂತೂ ಹತ್ತನೆಯ ಶತಮಾನದಲ್ಲಿ ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಯ ನೆನಪಿಗೂ ಕಲ್ಲು ಹಾಕಿಸಿದ್ದಾರೆ. ಹೆಂಗಸಿಗೆ? ಮಾಸ್ತಿಕಲ್ಲು. ಅಂದರೆ ಗಂಡನ ಜೊತೆ ಅವಳೂ ಸಾಯಬೇಕು. ಬದುಕಿ ಉಳಿದು, ಮಕ್ಕಳ ಫೀಸು ಕಟ್ಟಿ, ಅತ್ತೆಯ ಔಷಧಿ ತಂದವಳಿಗೆ ಯಾರೂ ಕಲ್ಲು ಹಾಕಿಸಿದ್ದನ್ನು ನಾನು ಕಾಣೆ. ನಾಯಿಗಿದೆ, ಅವಳಿಗಿಲ್ಲ!

ಅದಕ್ಕೇ ನಾನು ಸುಭಾಷಿಣಿ ವಸಂತ್ ಅವರ ಹೆಸರು ಹೇಳಬೇಕು. ಅವರ ಪತಿ, ಬೆಂಗಳೂರಿನ ಕರ್ನಲ್ ವಸಂತ್ ವೇಣುಗೋಪಾಲ್, 9ನೇ ಮರಾಠಾ ಲೈಟ್ ಇನ್‌ಫಂಟ್ರಿಯ ಕಮಾಂಡಿಂಗ್ ಆಫೀಸರ್. 2007ರ ಜುಲೈ 31ರಂದು ಉರಿ ವಲಯದಲ್ಲಿ ತಾವೇ ಮುಂದೆ ನಿಂತು ತಂಡ ನಡೆಸಿ, ಉಗ್ರರೊಡನೆ ಹೋರಾಡುತ್ತಾ ಪ್ರಾಣ ಬಿಟ್ಟರು. ಮರಣೋತ್ತರ ಅಶೋಕ ಚಕ್ರ ಬಂತು. ಭರತನಾಟ್ಯ ಕಲಾವಿದೆಯಾದ ಸುಭಾಷಿಣಿ ಇಬ್ಬರು ಹೆಣ್ಣುಮಕ್ಕಳನ್ನು ಬೆಳೆಸುತ್ತಲೇ ವಸಂತರತ್ನ ಫೌಂಡೇಶನ್ ಕಟ್ಟಿ, ಹುತಾತ್ಮ ಸೈನಿಕರ ಪತ್ನಿಯರು, ಮಕ್ಕಳ ಜೊತೆ ನಿಂತರು. ಹಳ್ಳಿಯ ಒಬ್ಬ ಸೈನಿಕನ ಹೆಂಡತಿಗೆ ಗಂಡ ಹೋದ ಮೇಲೆ ಪಿಂಚಣಿಯ ಅರ್ಜಿ, ಬ್ಯಾಂಕಿನ ಖಾತೆ, ಮನೆಯವರ ಒತ್ತಡ ಎಲ್ಲವೂ ಒಟ್ಟಿಗೆ ಎದುರಾಗುತ್ತವೆ. ಆಗ ಪಕ್ಕದಲ್ಲಿ ಕೂತು ಮಾತಾಡುವವರು ಬೇಕು. ನಾವು ಆಗಸ್ಟ್ 15ಕ್ಕೆ ಸ್ಟೇಟಸ್ ಹಾಕುತ್ತೇವೆ. ನಾನೂ ಹಾಕುತ್ತೇನೆ, ಅದರಲ್ಲಿ ತಪ್ಪೇನಿಲ್ಲ. ಅರ್ಜಿ ತುಂಬಲು ಬರುವವರು ಈ ಸಭೆಯಲ್ಲೇ ಎಷ್ಟು ಮಂದಿ ಇದ್ದೇವೆ ಎಂದು ಮಾತ್ರ ಯೋಚಿಸುತ್ತೇನೆ.

ಕೊನೆಯದಾಗಿ ಒಂದು ಮಾತು. 2023ರ ಡಿಸೆಂಬರ್ 4, ಮಿಚಾಂಗ್ ಚಂಡಮಾರುತ. ಮತ್ತೆ ನಮ್ಮ ಬೀದಿಯಲ್ಲಿ ನೀರು, ಮತ್ತೆ ಕತ್ತಲು. ಮಾಮಾ ಈಗ ಇಲ್ಲ, ಮಾಮಿ ಮಗನ ಮನೆಗೆ ಹೋದರು. ಕೆಳಗಿನ ಮನೆಗೆ ಪುಟ್ಟ ಕೂಸಿರುವ ಒಂದು ಕುಟುಂಬ ಬಂದಿದೆ. ನಮ್ಮವರು ಪಂಚೆ ಮೇಲೆ ಕಟ್ಟಿದರು, ನನ್ನ ಮುಖ ನೋಡಿದರು. ನನ್ನ ಎದೆ ಡವಡವ ಎನ್ನುತ್ತಿತ್ತು. ಮೊದಲು ಮೇನ್ ಸ್ವಿಚ್ ಆಫ್ ಮಾಡಿದೆ. ಅಣ್ಣನಿಗೆ ಫೋನ್ ಹಚ್ಚಿದೆ. ಆಗಲೇ ಹೊರಟಿದ್ದೇನೆ ಎಂದರು. ಆಮೇಲೆ ಟಾರ್ಚನ್ನು ಮಗಳ ಕೈಗೆ ಕೊಟ್ಟು, "ಅಪ್ಪನ ಕಾಲ ಹತ್ತಿರ ಬೆಳಕು ಬಿಡು, ಅಲ್ಲಾಡಿಸಬೇಡ" ಎಂದು ಹೇಳಿ, ಕೂಸನ್ನು ಎತ್ತಿಕೊಳ್ಳಲು ನಾನೂ ಅವರ ಹಿಂದೆ ಮೆಟ್ಟಿಲು ಇಳಿದೆ.