ಮನೆಗೆ ಬಂದ ಮಗುವಿನ ಉಸಿರು: ಹೃದಯ ಶಸ್ತ್ರಚಿಕಿತ್ಸೆಯ ನಂತರದ ಕಾವಲು



ಈ ವರ್ಷದ ದತ್ತಿ ಉಪನ್ಯಾಸ ಶಿವಮೊಗ್ಗದ ಸಭಾಂಗಣದಲ್ಲಿ ಬೇಡ, ಆನೆ ಬಿಡಾರವಿರುವ ಸಕ್ರೆಬೈಲಿನಲ್ಲೇ ಆಗಲಿ ಎಂದು ನಾನೇ ಕೇಳಿಕೊಂಡೆ. ಹೃದಯದ ಆಪರೇಷನ್ ಆದ ಮಗು ಬೆಂಗಳೂರಿನ ಆಸ್ಪತ್ರೆಯಲ್ಲಿ ಇರುವುದು ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ. ಆಮೇಲೆ ಅದು ಬಂದು ಸೇರುವುದು ಇಂಥ ಊರಿಗೆ. ಅದರ ಎದೆಯೊಳಗೆ ಏನಾದರೂ ಕೆಟ್ಟರೆ ಮೊದಲು ಗುರುತಿಸಬೇಕಾದವರು ನಾವು-ನೀವು: ತಾಯಿ, ಅಜ್ಜಿ, ಆಶಾ ಕಾರ್ಯಕರ್ತೆ, 14 ಕಿಲೋಮೀಟರ್ ಆಚೆಗಿನ ಶಿವಮೊಗ್ಗದಲ್ಲಿ ಕೂತ ನನ್ನಂಥ ಮಕ್ಕಳ ವೈದ್ಯರು.

ಹುಟ್ಟುವ ಪ್ರತಿ ಸಾವಿರ ಮಕ್ಕಳಲ್ಲಿ 8ರಿಂದ 9 ಮಕ್ಕಳಿಗೆ ಹೃದಯದಲ್ಲಿ ಒಂದಲ್ಲ ಒಂದು ದೋಷ ಇರುತ್ತದೆ. ‘ಹಾರ್ಟಲ್ಲಿ ಹೋಲ್ ಇದೆಯಂತೆ’ ಎಂಬ ಮಾತು ಮಲೆನಾಡಿನ ಹಳ್ಳಿಗಳಿಗೂ ಈಗ ಹೊಸದಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೂ ಶಾಲೆಗೂ ಬಂದು ತಪಾಸಣೆ ಮಾಡುತ್ತವೆ. ಸಂಶಯ ಬಂದರೆ ಹೃದಯದ ಎಕೋ ಸ್ಕ್ಯಾನ್, ಅಲ್ಲಿಂದ ಬೆಂಗಳೂರಿನ ಜಯದೇವ, ನಾರಾಯಣ ಹೃದಯಾಲಯ ಅಥವಾ ವೈಟ್‌ಫೀಲ್ಡ್‌ನ ಸತ್ಯಸಾಯಿ ಆಸ್ಪತ್ರೆ. ಜಮೀನು ಮಾರಿ ಆಪರೇಷನ್ ಮಾಡಿಸುತ್ತಿದ್ದವರು ಈಗ ಸರ್ಕಾರಿ ಯೋಜನೆಯ ಕಾರ್ಡು ತೋರಿಸಿ ಮಾಡಿಸಿಕೊಂಡು ಬರುತ್ತಿದ್ದಾರೆ. ಇದು ಸಣ್ಣ ಸಾಧನೆಯಲ್ಲ. ಆದರೆ ಆಪರೇಷನ್ ಮುಗಿದ ಕೂಡಲೇ ನಮ್ಮ ಗಮನವೂ ಮುಗಿದುಹೋಗುತ್ತದೆ. ನನ್ನ ಕಳವಳ ಅದು.

ಕೈಯಿಟ್ಟದ್ದು ಹೃದಯಕ್ಕೆ, ತೊಂದರೆ ಶ್ವಾಸಕೋಶಕ್ಕೆ ಹೇಗೆ? 1953ರಲ್ಲಿ ಅಮೆರಿಕದ ಜಾನ್ ಗಿಬ್ಬನ್, ಆಪರೇಷನ್ ನಡೆಯುವಾಗ ಹೃದಯ-ಶ್ವಾಸಕೋಶಗಳ ಕೆಲಸವನ್ನು ತಾನೇ ಮಾಡುವ ಹಾರ್ಟ್-ಲಂಗ್ ಯಂತ್ರವನ್ನು ರೋಗಿಯ ಮೇಲೆ ಯಶಸ್ವಿಯಾಗಿ ಬಳಸಿದರು. ಯಂತ್ರ ರಕ್ತ ಹರಿಸುತ್ತಿರುವಷ್ಟು ಹೊತ್ತು ಶ್ವಾಸಕೋಶ ಗಾಳಿಯಿಲ್ಲದೆ ಕುಸಿದು ಬಿದ್ದಿರುತ್ತದೆ. ಕೊಳವೆಗಳಲ್ಲಿ ಸುತ್ತಿ ಬಂದ ರಕ್ತದಿಂದ ಮೈಯೊಳಗೆ ಉರಿಯೂತ ಏಳುತ್ತದೆ, ಶ್ವಾಸಕೋಶಕ್ಕೆ ನೀರು ಜಿನುಗುತ್ತದೆ. ಎದೆ ನೋವಿಗೆ ಮಗು ಕೆಮ್ಮುವುದಿಲ್ಲ. ಕಫ ಕಟ್ಟಿ ಒಂದು ಭಾಗ ಮುದುಡಿಕೊಳ್ಳುತ್ತದೆ. ಹೃದಯದ ಭಾರ ಬೀಳುವ ಎಡಗಡೆಯ ಕೆಳಭಾಗದಲ್ಲಿ ಇದು ಹೆಚ್ಚು.

ಇನ್ನು, ಎದೆಯಲ್ಲಿ ನೀರು ತುಂಬಿಕೊಳ್ಳುವ ಜಾಗದ ವಿಷಯ. ಇದನ್ನು ಸಕ್ರೆಬೈಲಿನಲ್ಲಿ ಹೇಳದೆ ಇನ್ನೆಲ್ಲಿ ಹೇಳಲಿ? ಶ್ವಾಸಕೋಶದ ಮೇಲೊಂದು, ಪಕ್ಕೆಲುಬಿನ ಒಳಮೈಗೊಂದು ತೆಳು ಪೊರೆ. ನಡುವೆ ಅತಿ ಕಿರಿದಾದ ಜಾಗ. ಇಲ್ಲಿ ತುಂಗೆಯಲ್ಲಿ ಮಾವುತರು, ಕಾವಾಡಿಗಳು ಮೈ ತಿಕ್ಕುವ ಆನೆಗಳಿಗೆ ಆ ಜಾಗವೇ ಇಲ್ಲ. ಎರಡು ಪೊರೆಗಳ ನಡುವೆ ಅಂಗಾಂಶ ತುಂಬಿಕೊಂಡಿದೆ. ಮೈಯೆಲ್ಲ ಮುಳುಗಿ ಸೊಂಡಿಲು ಮಾತ್ರ ಮೇಲಿಟ್ಟು ಉಸಿರಾಡುವಾಗ ನೀರಿನ ಒತ್ತಡಕ್ಕೆ ಪೊರೆಯ ಸಣ್ಣ ರಕ್ತನಾಳಗಳು ಒಡೆಯದಂತೆ ಈ ಏರ್ಪಾಡು ಎಂದು ಶ್ವಾಸಕ್ರಿಯೆಯ ವಿಜ್ಞಾನಿ ಜಾನ್ ವೆಸ್ಟ್ ವಿವರಿಸಿದ್ದಾರೆ. ನಮ್ಮ ಮಕ್ಕಳಿಗೆ ಆ ರಕ್ಷಣೆ ಇಲ್ಲ. ಆಪರೇಷನ್ ನಂತರ ನೀರು, ರಕ್ತ, ಗಾಳಿ ಬಂದು ಸೇರುವುದು ಪೊರೆಗಳ ನಡುವಿನ ಆ ಜಾಗಕ್ಕೇ.

ಹೀಗೆ ಸೇರುವ ನೀರಿನಲ್ಲಿ ಒಂದು ಬಗೆ ತಾಯಂದಿರನ್ನು ಬೆಚ್ಚಿಬೀಳಿಸುತ್ತದೆ. ಮೊದಲು, ನೀರು ಹೊರತೆಗೆಯಲು ಎದೆಗೆ ಹಾಕಿದ ನಳಿಕೆಯಲ್ಲಿ ತಿಳಿಗೆಂಪು ನೀರು ಬರುತ್ತಿರುತ್ತದೆ. ಮಗು ಹಾಲು ಕುಡಿಯತೊಡಗಿದ ಮೇಲೆ ಅದು ಬೆಳ್ಳಗಾಗುತ್ತದೆ. ‘ಕುಡಿಸಿದ ಹಾಲೇ ಎದೆಯಿಂದ ಬರ್ತಿದೆ ಡಾಕ್ಟ್ರೇ’ ಎಂದು ಅಳುತ್ತಾರೆ. ಅದು ಹಾಲಲ್ಲ, ಕರುಳು ಹೀರಿದ ಕೊಬ್ಬನ್ನು ರಕ್ತಕ್ಕೆ ಒಯ್ಯುವ ದುಗ್ಧನಾಳಕ್ಕೆ ಪೆಟ್ಟಾಗಿ ಸೋರುತ್ತಿರುವ ರಸ. ಆ ದ್ರವದಲ್ಲಿ ಟ್ರೈಗ್ಲಿಸರೈಡ್ ಡೆಸಿಲೀಟರಿಗೆ 110 ಮಿಲಿಗ್ರಾಂ ದಾಟಿದ್ದರೆ ಸಂಶಯ ಬಲವಾಗುತ್ತದೆ. ಇದಕ್ಕೆ ಮದ್ದು ಬಹುಪಾಲು ಪಥ್ಯ: ಕೆಲವು ವಾರ ಮಾಮೂಲಿ ಕೊಬ್ಬು ಬಿಟ್ಟು, ಆ ನಾಳ ಹಿಡಿಯದೆ ರಕ್ತಕ್ಕೆ ಸೇರುವ ವಿಶೇಷ ಕೊಬ್ಬಿನ ಆಹಾರ. ಮನೆಗೆ ಬಂದ ಮಗು ಸೊರಗಿದೆಯಲ್ಲ ಎಂದು ಅಜ್ಜಿ ಬಿಸಿ ಅನ್ನಕ್ಕೆ ತುಪ್ಪ ಕಲಸಿ ತಿನ್ನಿಸುತ್ತಾರೆ, ಎದೆ ಮತ್ತೆ ತುಂಬಿಕೊಳ್ಳಬಹುದು. ಅಜ್ಜಿಯನ್ನು ಬೈದು ಪ್ರಯೋಜನವಿಲ್ಲ. ಪಥ್ಯ ಯಾಕೆಂದು ಅವರನ್ನು ಕೂರಿಸಿಕೊಂಡು ಹೇಳಬೇಕಾದ್ದು ನಮ್ಮ ಕೆಲಸ.

ಆಪರೇಷನ್ ವೇಳೆ ನರಕ್ಕಾದ ಪೆಟ್ಟು ಇನ್ನೂ ಗುಟ್ಟಾಗಿರುತ್ತದೆ. ಎದೆ-ಹೊಟ್ಟೆಗಳ ನಡುವಿನ ಸ್ನಾಯುವಿನ ಪರದೆಯಾದ ವಪೆಯನ್ನು ಆಡಿಸುವ ನರಗಳು ಹೃದಯದ ಇಕ್ಕೆಲದಲ್ಲೇ ಇಳಿಯುತ್ತವೆ. ಹಸುಗೂಸಿನ ಉಸಿರಾಟಕ್ಕೆ ವಪೆಯೇ ಆಧಾರ. ವೆಂಟಿಲೇಟರ್ ಗಾಳಿ ನೂಕುತ್ತಿರುವಷ್ಟು ದಿನ ಏನೂ ಗೊತ್ತಾಗದು. ಅದನ್ನು ತೆಗೆದ ಮೇಲೆ ಮಗು ಏದುಸಿರು ಬಿಡುತ್ತದೆ, ಉಸಿರೆಳೆದಾಗ ಉಬ್ಬಬೇಕಾದ ಹೊಟ್ಟೆ ಒಳಕ್ಕೆ ಹೋಗುತ್ತದೆ. ಧ್ವನಿಪೆಟ್ಟಿಗೆಯ ಎಡಗಡೆಯ ನರ ಮಹಾಪಧಮನಿಯ ಕಮಾನನ್ನು ಬಳಸಿ ಮೇಲೇರುತ್ತದೆ. ಅದಕ್ಕೆ ಪೆಟ್ಟಾದರೆ ಅಳುವ ದನಿ ಗೊಗ್ಗರಾಗುತ್ತದೆ, ಹಾಲು ನೆತ್ತಿಗೇರುತ್ತದೆ, ನ್ಯುಮೋನಿಯಾ ಮರುಕಳಿಸುತ್ತದೆ.

ಪತ್ತೆಗೆ ನಾವು ನೆಚ್ಚಿಕೊಂಡು ಬಂದದ್ದು ಎಕ್ಸ್-ರೇ. ಅದು ಈಗಲೂ ಬೇಕು. ಆದರೆ ಮಲಗಿದ ಮಗುವಿನಲ್ಲಿ ನೀರು ಬೆನ್ನಿನತ್ತ ಹರಡಿ ಬರೀ ಮಬ್ಬಾಗಿ ಕಾಣುತ್ತದೆ. ಗಾಳಿ ಎದೆಯ ಮುಂಭಾಗದಲ್ಲಿ ನಿಂತು ಕಣ್ಣು ತಪ್ಪಿಸುತ್ತದೆ. ಗಾಳಿ ತುಂಬಿದ ಅಂಗಕ್ಕೆ ಅಲ್ಟ್ರಾಸೌಂಡ್ ಕೆಲಸಕ್ಕೆ ಬಾರದು ಎಂದು ನಮಗೆ ಪಾಠ ಹೇಳಿದ್ದರು. ಫ್ರಾನ್ಸಿನ ಡೇನಿಯಲ್ ಲಿಶ್ಟೆನ್‌ಸ್ಟೈನ್ ಮೊದಲಾದವರು ಆ ಪಾಠವನ್ನು ತಿದ್ದಿದರು. ಪಕ್ಕೆಲುಬುಗಳ ನಡುವೆ ಜೆಲ್ ಹಚ್ಚಿ ಪ್ರೋಬ್ ಇಟ್ಟರೆ ಪೊರೆಯ ಹೊಳೆಯುವ ಗೆರೆ ಉಸಿರಿನ ಜೊತೆ ಜಾರಾಡುವುದು ಕಾಣುತ್ತದೆ. ಜಾರಾಟ ನಿಂತಿದ್ದರೆ ಅಲ್ಲಿ ಗಾಳಿ ಸೇರಿರುವ ಸಂಶಯ. ಗೆರೆಯಿಂದ ಕೆಳಕ್ಕೆ ಬಿಳಿ ಪಟ್ಟಿಗಳು ಒತ್ತಾಗಿ ಇಳಿದಿದ್ದರೆ ಶ್ವಾಸಕೋಶ ಒದ್ದೆಯಾಗಿದೆ. ಕಪ್ಪು ಜಾಗ ಕಂಡರೆ ನೀರು. ವಪೆ ಏರಿಳಿಯುತ್ತಿದೆಯೇ ಎಂದೂ ನೋಡಬಹುದು. ವಿಕಿರಣವಿಲ್ಲ, ಎಷ್ಟು ಸಲ ಬೇಕಾದರೂ ನೋಡಬಹುದು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಕಲಿತು ಹೊರಬರುವ, ಭದ್ರಾವತಿ-ತೀರ್ಥಹಳ್ಳಿಗಳಲ್ಲಿ ಕೆಲಸ ಮಾಡುವ ಪ್ರತಿ ಮಕ್ಕಳ ವೈದ್ಯರಿಗೂ ಈ ವಿದ್ಯೆ ಕೈಗೂಡಬೇಕು ಎಂಬುದು ನನ್ನ ಒತ್ತಾಯ.

ಮನೆಯಲ್ಲಿ ಕಾವಲಿಗೆ ಗಡಿಯಾರ ಸಾಕು. ಮಗು ಸುಮ್ಮನಿದ್ದಾಗ ಅಂಗಿ ಮೇಲೆ ಸರಿಸಿ, ಎದೆ-ಹೊಟ್ಟೆ ಎರಡೂ ಕಾಣುವಂತೆ ಇಟ್ಟುಕೊಂಡು ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಹಸುಗೂಸಿನ ಉಸಿರು ನಡುನಡುವೆ ತಡೆದು ಓಡುವುದರಿಂದ ಅರ್ಧ ನಿಮಿಷದ ಲೆಕ್ಕ ನಂಬುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಎರಡು ತಿಂಗಳೊಳಗಿನ ಮಗುವಿಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40 ಅಥವಾ ಅದಕ್ಕೂ ಮೇಲಾದರೆ ಉಸಿರು ಜೋರಾಗಿದೆ ಎಂದರ್ಥ. ಪಕ್ಕೆಯ ಕೆಳಗೆ ಗುಳಿ ಬಿದ್ದರೆ, ಹಾಲು ಕುಡಿಯುತ್ತ ಬೆವರಿ ಬಿಟ್ಟುಬಿಟ್ಟರೆ, ತುಟಿ ಮೊದಲಿಗಿಂತ ನೀಲಿಯಾದರೆ, ಮಳೆಗಾಲದ ಥಂಡಿ ಎಂದುಕೊಂಡು ಬೆಳಗಾಗುವವರೆಗೆ ಕಾಯಬೇಡಿ. 108ಕ್ಕೆ ಕರೆ ಮಾಡಿ.

ಎಣಿಸಿದ್ದನ್ನು ಹೋಲಿಸುವುದು ಯಾವುದರೊಂದಿಗೆ? ಆ ಮಗುವಿನದೇ ಬಿಡುಗಡೆಯ ದಿನದ ಲೆಕ್ಕದೊಂದಿಗೆ. ಎಲ್ಲ ಮಕ್ಕಳಿಗೂ ಸರಿಯಾದ ಅಂಕಿ ಒಂದೇ ಅಲ್ಲ. ಕೆಲವು ಮಕ್ಕಳಿಗೆ ಪೂರ್ತಿ ರಿಪೇರಿಗೆ ಮೊದಲು ಶ್ವಾಸಕೋಶಕ್ಕೆ ರಕ್ತ ಹರಿಸುವ ಷಂಟ್ ಮಾತ್ರ ಹಾಕಿರುತ್ತಾರೆ. ಇದು 1944ರಲ್ಲಿ ಬಾಲ್ಟಿಮೋರ್‌ನಲ್ಲಿ ಬ್ಲೇಲಾಕ್, ಟಾಸಿಗ್, ವಿವಿಯನ್ ಥಾಮಸ್ ಸೇರಿ ತೋರಿಸಿಕೊಟ್ಟ ವಿಧಾನ. ಅಂಥ ಮಗುವಿನ ರಕ್ತದ ಆಕ್ಸಿಜನ್ ಶೇಕಡಾ 75ರಿಂದ 85 ಇದ್ದರೆ ಅದಕ್ಕೆ ಅದೇ ಸರಿ. ರಂಧ್ರ ಪೂರ್ತಿ ಮುಚ್ಚಿದ ಮಗುವಿಗೆ 85 ಬಂದರೆ ಅಪಾಯ. ರಾತ್ರಿ ಎರಡು ಗಂಟೆಗೆ ನೋಡುವ ಡ್ಯೂಟಿ ಡಾಕ್ಟರಿಗೆ ಈ ವ್ಯತ್ಯಾಸ ಕಾಗದದಲ್ಲಿ ಕಾಣಬೇಕು. ಆದ್ದರಿಂದ ಬಿಡುಗಡೆಯ ದಿನ ಒಂದು ಹಾಳೆಯಲ್ಲಿ, ಕನ್ನಡದಲ್ಲಿ ಬರೆಸಿಕೊಳ್ಳಿ: ಆವತ್ತಿನ ಉಸಿರಿನ ಲೆಕ್ಕ, ಆಕ್ಸಿಜನ್, ತೂಕ, ಪಥ್ಯ ಇದ್ದರೆ ಎಷ್ಟು ವಾರ, ರಾತ್ರಿ ಕರೆ ಮಾಡಬೇಕಾದ ಫೋನ್ ನಂಬರು. ಒಂದು ಪ್ರತಿ ಆಶಾ ಕಾರ್ಯಕರ್ತೆಯ ಬಳಿ ಇರಲಿ. ಆ ಹಾಳೆಯ ಮಾದರಿಯನ್ನು ಈ ಉಪನ್ಯಾಸದ ಪುಸ್ತಿಕೆಯ ಕೊನೆಯ ಪುಟದಲ್ಲಿ ಅಚ್ಚು ಹಾಕಿಸುತ್ತಿದ್ದೇವೆ. ಹರಿದುಕೊಂಡು ಬೆಂಗಳೂರಿಗೆ ಒಯ್ಯಿರಿ, ತುಂಬಿಸಿಕೊಂಡು ಬನ್ನಿ.